ಸಗಣಿ ಎಲ್ಲಿಗೆ ಹೋಯಿತು?

ಬೆಂಕಿ ಮತ್ತು ಮಣ್ಣು ಎಂಬ ಅಕ್ಕತಂಗಿಯರು ಒಂದೇ ಬುಟ್ಟಿ ಸಗಣಿಗಾಗಿ ಜಗಳಾಡುತ್ತಿದ್ದ ಕಾಲವೊಂದಿತ್ತಂತೆ. ಬುಟ್ಟಿ ಅಕ್ಕನಿಗೆ ಹೋದರೆ ರೊಟ್ಟಿ ಬೇಯುತ್ತಿತ್ತು, ಹೊಲ ಸೊರಗುತ್ತಿತ್ತು. ತಂಗಿಗೆ ಹೋದರೆ ಹೊಲ ನಗುತ್ತಿತ್ತು, ಒಲೆ ತಣ್ಣಗಾಗುತ್ತಿತ್ತು. ಮೇಲವಂಕಿಯ ಲಕ್ಕಪ್ಪನ ಹಿತ್ತಲಲ್ಲಿ ಆ ಜಗಳ ಇನ್ನೂ ಮುಗಿದಿರಲಿಲ್ಲ. ದಿನಾ ಬುಟ್ಟಿ ಹೊತ್ತು ತೀರ್ಪು ಹೇಳುವವಳು ಸೊಸೆ ಪಾರವ್ವ.

ದೀಪಾವಳಿ ಮುಗಿದ ಮೇಲೆ ಗ್ರಾಮಸೇವಕ ಅಣ್ಣಪ್ಪ ಕಾಗದ ಹಿಡಿದು ಬಂದ. ಸಗಣಿ ಎಷ್ಟು ತಿಪ್ಪೆಗೆ, ಎಷ್ಟು ಒಲೆಗೆ ಎಂದು ಮನೆಮನೆಗೂ ಕೇಳುತ್ತಿದ್ದ. ಸಗಣಿ ಸುಟ್ಟರೆ ಸಾಹೇಬರು ಬೈಯುತ್ತಾರೆಂದು ಲಕ್ಕಪ್ಪ ಕೇಳಿದ್ದ. ಅದಕ್ಕೇ ಕಟ್ಟೆಯ ಮೇಲೆ ಕುಳಿತು, ಎಲ್ಲವೂ ತಿಪ್ಪೆಗೇ ಎಂದು ಬರೆಸಿಬಿಟ್ಟ. ಅವನ ಬೆನ್ನ ಹಿಂದಿನ ಗೋಡೆಯ ಮೇಲೆ ಒಲೆಗೆಂದು ತಟ್ಟಿದ ಸಗಣಿಯ ಹತ್ತು ಕುಳ್ಳು ಒಣಗುತ್ತಿದ್ದವು. ಒಂದೊಂದರ ಮೇಲೂ ಪಾರವ್ವನ ಐದು ಬೆರಳು.

“ಮಾವನ ಮಾತು ತಿಪ್ಪ್ಯಾಗ, ಸೊಸಿ ಕೈ ಗ್ವಾಡಿ ಮ್ಯಾಲ,” ಎಂದಳು ಅತ್ತೆ ಶಿವವ್ವ ಒಳಗಿನಿಂದ.

ಅಣ್ಣಪ್ಪ ಗೋಡೆ ನೋಡಿದ, ನಗಲಿಲ್ಲ. “ಕಾಕಾ, ನಾ ದಂಡ ಹಾಕಾಕ ಬಂದಿಲ್ರಿ. ಊರೂರಿನ ಕಾಗದ ಕೂಡಿಸಿ, ಉರವಲ ಎಲ್ಲಿ ಕಡಿಮಿ ಐತಿ ನೋಡಿ, ಅಲ್ಲಿ ದನಾ ಮೇಯೂ ಗಾಯರಾಣದಾಗ ಜಾಲಿ ಹಚ್ಚೂ ವಿಚಾರ ನಡದೈತಿ. ಎಲ್ಲಾ ತಿಪ್ಪಿಗೆ ಅಂದ್ರ, ಈ ಊರಿಗೆ ಗಿಡಾ ಬ್ಯಾಡ ಅಂತ ತಿಳೀತಾರ.”

ಇದನ್ನು ಪಾರವ್ವ ಕೇಳಿಸಿಕೊಂಡಳು. ಕಟ್ಟಿಗೆಗಾಗಿ ಹರದಾರಿ ನಡೆಯುವವಳು ಅವಳು. ಜೋಳದ ತೆನೆ ವರ್ಷದಿಂದ ವರ್ಷಕ್ಕೆ ಸಣ್ಣದಾಗುವುದನ್ನು ಕೊಯ್ಯುವಾಗ ಕಂಡವಳೂ ಅವಳೇ. ಬಾಗಿಲ ಮರೆಯಿಂದ ಹೊರಗೆ ಬಂದು, ಸಂಕ್ರಾಂತಿ ದಾಟಿದ ಮೇಲೆ ಬನ್ನಿ, ಖರೆ ಲೆಕ್ಕ ಕೊಡುತ್ತೇನೆ ಎಂದು ಮಾತು ಕೊಟ್ಟಳು.

ಓದು ಬಾರದವಳದು ಎಂಥ ಲೆಕ್ಕ ಎಂದು ಲಕ್ಕಪ್ಪ ಗೊಣಗಿದ. ಪಾರವ್ವ ಹಳೆಯ ಸೀರೆಯಿಂದ ಮೂರು ತುಂಡು ಹರಿದಳು, ತಿಂಗಳಿಗೊಂದು. ತಿಪ್ಪೆಗೆ ಹೋದ ಬುಟ್ಟಿಗೆ ಒಂದು ಬಿಳಿಜೋಳದ ಕಾಳು, ಕುಳ್ಳಾದ ಬುಟ್ಟಿಗೆ ಒಂದು ಕೆಂಪು ತೊಗರಿ ಹಾಕಿ ಗಂಟು ಕಟ್ಟುತ್ತಾ ಬಂದಳು.

ಅಣ್ಣಪ್ಪ ಮತ್ತೆ ಬಂದಾಗ ಗಂಟುಗಳನ್ನು ಮೊರದಲ್ಲಿ ಬಿಚ್ಚಿದಳು. ಮೊದಲನೆಯದು ಬಹುಪಾಲು ಬಿಳಿ. ಎರಡನೆಯದು ಅರ್ಧಕ್ಕರ್ಧ. ಮೂರನೆಯದರಲ್ಲಿ ಬಿಳಿ ಕಾಳು ಹುಡುಕಬೇಕಿತ್ತು.

“ಮೂರನೇ ತಿಂಗಳದಾಗ ಮನಸ್ಸು ಯಾಕ ಬದಲಾತು ತಂಗಿ?” ಎಂದು ಅಣ್ಣಪ್ಪ ಕೇಳಿದ.

“ಮನಸ್ಸು ಬದಲಾಗಿಲ್ರಿ, ಹತ್ತಿಕಟ್ಟಿಗಿ ಬಣವಿ ತೀರಿತು. ಅದು ಇರೂತನಾ ಸಗಣಿ ಹೊಲದ್ದು. ತೀರಿದ ದಿನದಿಂದ ಒಲೀದು.”

ಲಕ್ಕಪ್ಪ ಮೊರವನ್ನು ತನ್ನ ಕಡೆಗೆ ಎಳೆದುಕೊಂಡ. ಇಷ್ಟು ವರ್ಷ ಸಗಣಿ ಸುಡುವುದನ್ನು ಹೆಂಗಸರ ಹಟ ಎಂದುಕೊಂಡಿದ್ದ. “ಅಣ್ಣಪ್ಪಾ, ನಂದು ಹೊಡದ ಹಾಕು. ಒಲಿ ಮುಂದ ಕುಂತಾಕಿದು ಬರಕೋ.”

ಅಕ್ಕತಂಗಿಯರೇ, ರೈತಬಂಧುಗಳೇ, ನಿಮ್ಮ ಬಾಗಿಲಿಗೂ ಕೇಳುವವರು ಬರುತ್ತಾರೆ. ಅವರಿಗೆ ಚಂದ ಕಾಣುವ ಉತ್ತರ ಕೊಡಬೇಡಿ, ಮನೆಯಲ್ಲಿ ನಡೆಯುವುದನ್ನು ಹೇಳಿ. ಎಷ್ಟು ಎನ್ನುವುದರ ಜೊತೆಗೆ ಯಾಕೆ ಎನ್ನುವುದನ್ನೂ ಹೇಳಿ. ಒಲೆ ಉರಿಸುವವಳನ್ನು ಕಟ್ಟೆಗೆ ಕರೆಯಿರಿ. ನಾವು ಮುಚ್ಚಿಟ್ಟ ಕಷ್ಟಕ್ಕೆ ಯಾವ ಯೋಜನೆಯೂ ಔಷಧ ತರಲಾರದು.

ಪಾರವ್ವ ಕಾಳುಗಳನ್ನು ಎಣಿಸುತ್ತಾ ಹೋಗಿ, ಕೊನೆಯ ತೊಗರಿ ಕಾಳನ್ನು ಅಣ್ಣಪ್ಪನ ಅಂಗೈಯಲ್ಲಿಟ್ಟಳು. ಅವನು ಬರೆದುಕೊಂಡ. ಕೊಟ್ಟ ಮಾತು ಅಲ್ಲಿಗೆ ಮುಟ್ಟಿತು.