ಮೀನುಮರಿಗಳ ಉಣಿಸು

೧೯೫೭ರ ಶ್ರಾವಣದಲ್ಲಿ ಕಲ್ಕತ್ತೆಯಿಂದ ರೈಲಿನಲ್ಲಿ ಬಂದ ನಲವತ್ತು ಸಾವಿರ ಕಾಟ್ಲಾ ಮೀನಿನ ಮರಿಗಳನ್ನು ಹಂಪಾಪುರದ ಸಾಕುಕೊಳಕ್ಕೆ ಬಿಟ್ಟಿದ್ದರು. ಒಂದೊಂದೂ ಜೀರಿಗೆ ಕಾಳಿನಷ್ಟು. ಅವುಗಳಿಗೆ ಉಣಿಸುವ ಕೆಲಸ ಪುಟ್ಟಸಿದ್ದಮ್ಮನದು. ಬೆಳಿಗ್ಗೆ, ಸಂಜೆ ಊರ ಕೆರೆಯಲ್ಲಿ ಸೊಂಟದವರೆಗೆ ಇಳಿದು, ಹಳೆಯ ಪಂಚೆಯನ್ನು ನೀರಿನಲ್ಲಿ ಎಳೆದು, ಧೂಳಿನಂತೆ ಕಾಣುವ ನೀರುಹುಳುಗಳನ್ನು ಸೋಸಿ ತರುತ್ತಿದ್ದಳು. ಮರಿಗಳು ಮುಗಿಬಿದ್ದು ತಿನ್ನುತ್ತಿದ್ದವು.

ಐದನೆಯ ದಿನ ಮರಿಗಳು ಗಿರಗಿರನೆ ಸುತ್ತಿ ಸತ್ತು ತೇಲತೊಡಗಿದವು. ಕೊಳದ ಮೇಲ್ವಿಚಾರಕ ಷಣ್ಮುಖಪ್ಪ ಉಳಿದವನ್ನು ಬಾವಿನೀರಿನ ತೊಟ್ಟಿಗೆ ಸಾಗಿಸಿದ. ಮೂರು ಸಲ ನೀರು ಬದಲಿಸಿದ. ಸಾವು ನಿಲ್ಲಲಿಲ್ಲ. ಮುಂದಿನ ಮಳೆಗಾಲದವರೆಗೆ ಬೇರೆ ಮರಿಗಳು ಬರುವಂತಿರಲಿಲ್ಲ. ಹಸಿವಿಗೇ ಸಾಯುತ್ತಿವೆ ಎಂದುಕೊಂಡ ಪುಟ್ಟಸಿದ್ದಮ್ಮ ದಿನಕ್ಕೆ ನಾಲ್ಕು ಸಲ ಕೆರೆಗಿಳಿದಳು. ಸಾವು ಇನ್ನೂ ಹೆಚ್ಚಿತು.

ಕೊನೆಗೆ ಷಣ್ಮುಖಪ್ಪ ಎರಡು ಮಡಕೆಗೆ ಅದೇ ಬಾವಿಯ ನೀರು ತುಂಬಿ, ಇಪ್ಪತ್ತಿಪ್ಪತ್ತು ಮರಿ ಬಿಟ್ಟ. ಒಂದಕ್ಕೆ ಕೆರೆಯ ಹುಳು, ಇನ್ನೊಂದಕ್ಕೆ ಬೇಯಿಸಿದ ಮೊಟ್ಟೆಯ ಹಳದಿ ಹಾಕಿದ. ಮರುದಿನ ಮಧ್ಯಾಹ್ನಕ್ಕೆ ಹುಳು ಹಾಕಿದ ಮಡಕೆಯಲ್ಲಿ ಒಂದೂ ಉಳಿದಿರಲಿಲ್ಲ; ಮೊಟ್ಟೆ ಹಾಕಿದ್ದರಲ್ಲಿ ಬಹುಪಾಲು ಬದುಕಿದ್ದವು.

"ಹುಳ ಎಲ್ಲಿ ಹಿಡೀತಿದ್ದೆಯಮ್ಮ?"

"ತೂಬಿನ ಪಕ್ಕ, ಸಾಮಿ. ಅಲ್ಲಿ ವಸಿ ಜಾಸ್ತಿ ಸಿಕ್ತವೆ."

ಇಬ್ಬರೂ ಹೋಗಿ ನೋಡಿದರು. ಹೊಗೆಸೊಪ್ಪಿನ ಹೊಲದವರು ಗಿಡಗಳಿಗೆ ಸಿಂಪಡಿಸಲು ಮೈಲುತುತ್ತ ಕಲಸಿದ ಪೀಪಾಯಿಗಳನ್ನು ಅಲ್ಲೇ ತೊಳೆದಿದ್ದರು. ದಡದ ಕಲ್ಲುಗಳು ನೀಲಿಗಟ್ಟಿದ್ದವು.

"ನೀರು ತಿಳಿಯಾಗೇ ಐತಲ್ಲ ಸಾಮಿ. ಹುಳಾನೂ ಓಡಾಡ್ಕಂಡೇ ಅವೆ."

"ತುತ್ತದಲ್ಲಿ ತಾಮ್ರ ಇದೆ. ನೀರಲ್ಲಿ ಒಂಚೂರು ಇದ್ರೂ ಹುಳ ಅದನ್ನ ಮೈಗೆ ಸೇರಿಸ್ಕೊಳ್ತಾ ಹೋಗುತ್ತೆ. ಮರಿ ದಿನಕ್ಕೆ ನೂರಾರು ಹುಳ ತಿನ್ನುತ್ತೆ. ಅಷ್ಟೂ ತಾಮ್ರ ಮರಿ ಮೈ ಸೇರುತ್ತೆ. ನಾನು ಬರೀ ನೀರು ಬದಲಾಯಿಸ್ತಾ ಕೂತೆ."

"ಅಂಗಾರೆ ನಾನೇ ಉಣ್ಸಿ ಸಾಯ್ಸಿದ್ದು."

"ತರೋಕೆ ಹೇಳಿದ್ದು ನಾನು."

ಅವಳು ಕೇಳಿಸಿಕೊಳ್ಳಲಿಲ್ಲ. ಪಂಚೆಯನ್ನು ದಡದಲ್ಲೇ ಎಸೆದು, ಮನೆಯಿಂದ ಬೇರೆ ಬಟ್ಟೆ ತಂದು, ಎರಡು ಮೈಲಿ ಆಚೆಯ ಕಟ್ಟೆಗೆ ಹೆಚ್ಚುಕಡಿಮೆ ಓಡಿದಳು. ಸಂಜೆಯೊಳಗೆ ಮೂರು ಬಿಂದಿಗೆ ಹುಳು ಹೊತ್ತು ತಂದಳು. ಆದರೆ ಮೊದಲೇ ತಿಂದದ್ದು ಮರಿಗಳ ಮೈಯಲ್ಲಿತ್ತು. ಆ ದಿನವೂ ಸತ್ತವು, ಮರುದಿನವೂ ಸತ್ತವು. ಅವಳು ಸೇರಿನಲ್ಲಿ ಮೊಗೆದು ಮೊಗೆದು ಗುಂಡಿಗೆ ಹಾಕಿದಳು.

ಉಣಿಸು ಬದಲಿಸಿದ ನಾಲ್ಕನೆಯ ದಿನ ತೊಟ್ಟಿಯಲ್ಲಿ ಇನ್ನೂರು ಮರಿ ಉಳಿದಿದ್ದವು. ಆ ಬೆಳಿಗ್ಗೆ ಯಾವುದೂ ತೇಲಿರಲಿಲ್ಲ.

"ನೀವೇ ಆಕಿ ಸಾಮಿ, ನನ್ ಕೈ ಬ್ಯಾಡ" ಎಂದಳು ಪುಟ್ಟಸಿದ್ದಮ್ಮ.

ಷಣ್ಮುಖಪ್ಪ ಬಿಂದಿಗೆಯನ್ನು ಅವಳ ಮುಂದಿಟ್ಟು ಕಾದು ನಿಂತ. ತುಂಬ ಹೊತ್ತಾದ ಮೇಲೆ ಅವಳು ಒಂದು ಬೊಗಸೆ ಸುರಿದಳು. ಮರಿಗಳು ಮುತ್ತಿಕೊಂಡವು. ಅವು ತಿನ್ನುವುದನ್ನು ನೋಡಲಾರದೆ ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು.