ರೆಕ್ಕೆಯ ಮೇಲಿನ ಹಳದಿ ಗೆರೆ

ಕಾರು ನೋಡಲು ಮಹಾರಾಣಿಯ ಹಾಗಿತ್ತು, ಬುದ್ಧಿ ಮಾತ್ರ ಕೋತಿಯದು. ಗಂಟೆಗೆ ನೂರೆಂಬತ್ತು ಕಿಲೋಮೀಟರ್ ವೇಗದವರೆಗೆ ಹೇಳಿದ ಮಾತು ಕೇಳುತ್ತಿತ್ತು. ಅದನ್ನು ದಾಟಿದರೆ ಹೊಟ್ಟೆಯಡಿ ಗಾಳಿ ನುಗ್ಗಿ, ಹಿಂದಿನ ಚಕ್ರಗಳು ನೆಲದ ಮೇಲಿವೆಯೋ ಇಲ್ಲವೋ ಎಂಬ ಅನುಮಾನ ಹುಟ್ಟುತ್ತಿತ್ತು. ಕಟ್ಟಿದವನು ಅಣ್ಣ, ಓಡಿಸುವವಳು ತಂಗಿ. ಚಿಕ್ಕಂದಿನಲ್ಲಿ ಒಂದು ಕಡೆ ಕೂರದವಳಿಗೆ ಅಣ್ಣನೇ ಬುಗುರಿ ಎಂದು ಹೆಸರಿಟ್ಟಿದ್ದ. ಮೂವತ್ತು ದಾಟಿದರೂ ಗ್ಯಾರೇಜಿನಲ್ಲಿ ಅವಳು ಬುಗುರಿಯೇ.

ಚಳಿಗಾಲವಿಡೀ ಇಬ್ಬರೂ ಆ ಕಾರಿನ ಬಾಲವನ್ನು ನೆಲಕ್ಕೆ ಕೂರಿಸುವುದರಲ್ಲೇ ಮುಳುಗಿದ್ದರು. ಮೂತಿಯ ಕೆಳಗೆ ಗಾಳಿ ತಡೆಯುವ ಪಟ್ಟಿ ಬಂತು, ಗಟ್ಟಿ ಸ್ಪ್ರಿಂಗುಗಳು ಬಂದವು, ಕೊನೆಗೆ ಡಿಕ್ಕಿಯ ಮೇಲೊಂದು ರೆಕ್ಕೆ ಬಂತು. ವಿಮಾನದ ರೆಕ್ಕೆ ವಿಮಾನವನ್ನು ಮೇಲೆತ್ತಿದರೆ ಇದು ಕಾರನ್ನು ಕೆಳಕ್ಕೆ ಒತ್ತುತ್ತದೆ. ಹೆಚ್ಚು ಓರೆ ಮಾಡಿದರೆ ಕಾರು ರಸ್ತೆಗೆ ಅಂಟಿಕೊಳ್ಳುತ್ತದೆ, ಆದರೆ ವೇಗ ಬೀಳುತ್ತದೆ. ಕಡಿಮೆ ಓರೆ ಮಾಡಿದರೆ ವೇಗ ಸಿಗುತ್ತದೆ, ಬಾಲ ತೇಲುತ್ತದೆ. ಅಕ್ಕಿಯ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ ಎಂದರೆ ಇಲ್ಲಿ ನಡೆಯುವುದಿಲ್ಲ. ಜಗಳವಾಡಿ, ಮುನಿಸಿಕೊಂಡು, ಮತ್ತೆ ಓಡಿಸಿ ನೋಡಿ, ಅಂತೂ ಒಂದು ಓರೆಗೆ ಇಬ್ಬರೂ ಒಪ್ಪಿದರು.

ರೆಕ್ಕೆಯ ಬೋಲ್ಟ್ ಬಿಗಿದ ಮೇಲೆ ಅದರ ತಲೆಯಿಂದ ಪಕ್ಕದ ಲೋಹಕ್ಕೆ ಹಳದಿ ಬಣ್ಣದ ಗೆರೆ ಎಳೆಯುವುದು ಬುಗುರಿಯ ಕೆಲಸ. ಬೋಲ್ಟ್ ತಿರುಗಿದರೆ ಗೆರೆ ಮುರಿಯುತ್ತದೆ. ಗೆರೆ ನೆಟ್ಟಗಿದ್ದರೆ ಅಳೆಯಬೇಕಿಲ್ಲ, ಕೇಳಬೇಕಿಲ್ಲ, ಹತ್ತಿ ಹೊರಡುವುದೇ. ಅವಳಿಗೆ ಹೇಳದೆ ಯಾರೂ ಆ ಗೆರೆ ಮುಟ್ಟಕೂಡದು. ಈ ಕಟ್ಟಳೆ ಮಾಡಿದವನೂ ಅಣ್ಣನೇ.

ಅಷ್ಟರಲ್ಲಿ ರೇಸ್ ತಂಡವೊಂದರ ಯಜಮಾನ ಕಾರು ನೋಡಲು ಬರುವೆನೆಂದ. ಇನ್ನೂರೈವತ್ತು ಮುಟ್ಟಿಸಿ ತೋರಿಸಿದರೆ ಅಣ್ಣನೇ ತಂಡದ ಮುಖ್ಯ ಮೆಕ್ಯಾನಿಕ್. ಅಣ್ಣನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ಈ ಓರೇಲಿ ಇನ್ನೂರಮೂವತ್ತೈದಕ್ಕಿಂತ ಮೇಲೆ ಹೋಗಲ್ಲಣ್ಣ," ಎಂದಳು ಬುಗುರಿ. "ಒಪ್ಪಿದ್ರೆ ಒಪ್ಪಲಿ, ಇಲ್ಲಾಂದ್ರೆ ಬಿಡಲಿ."

"ನೀನು ಹೇಳಿದ್ಮೇಲೆ ಮುಗೀತು ಬಿಡು," ಎಂದ ಅಣ್ಣ. ಅವಳಿಗೆ ಹೊಟ್ಟೆಗೆ ಹಾಲು ಹುಯ್ದಷ್ಟು ನೆಮ್ಮದಿಯಾಯಿತು.

ಪರೀಕ್ಷೆಯ ಬೆಳಿಗ್ಗೆ ರೇಸ್ ಟ್ರ್ಯಾಕಿನ ಶೆಡ್ಡಿನಲ್ಲಿ ಅವಳು ಹೆಲ್ಮೆಟ್ ಹಾಕಿಕೊಂಡು ರೆಕ್ಕೆಯ ಹತ್ತಿರ ಬಗ್ಗಿದಳು. ಗೆರೆ ನೆಟ್ಟಗಿತ್ತು. ಹತ್ತಿ ಕೂತಳು.

ನೇರ ಹಾದಿಯಲ್ಲಿ ಮುಳ್ಳು ಇನ್ನೂರಮೂವತ್ತೈದು ದಾಟಿ ಏರುತ್ತಲೇ ಹೋಯಿತು. ಹಿಂದಿನಿಂದ ಗಾಳಿ ಬೀಸುತ್ತಿರಬೇಕು ಎಂದುಕೊಂಡಳು, ಪಾಪ. ಇನ್ನೂರೈವತ್ತರಲ್ಲಿ ಉದ್ದನೆಯ ತಿರುವು ಬಂತು. ಸೀಟಿನಡಿಯಿಂದ ಯಾರೋ ನೆಲವನ್ನೇ ಎಳೆದುಕೊಂಡಂತೆ ಬಾಲ ಜಾರಿತು. ಹೆದರಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಭಾರವೆಲ್ಲ ಮುಂದಕ್ಕೆ ಬಿದ್ದು ಬಾಲ ಇನ್ನೂ ಹಗುರಾಗುತ್ತದೆ. ಅದು ಗೊತ್ತಿದ್ದುದರಿಂದ ಕಾಲು ಅಲ್ಲೇ ಇಟ್ಟು, ಸ್ಟೇರಿಂಗನ್ನು ಕೂದಲೆಳೆಯಷ್ಟು ಸಡಿಲಿಸಿದಳು. ತಿರುವಿನಂಚಿನ ಕಾಂಕ್ರೀಟ್ ಗೋಡೆ ಕಿಟಕಿಯವರೆಗೆ ಬಂದು ಹಿಂದಕ್ಕೆ ಸರಿಯಿತು.

ಕಾರು ನಿಲ್ಲಿಸಿದಾಗ ಯಜಮಾನ ಚಪ್ಪಾಳೆ ತಟ್ಟುತ್ತಿದ್ದ. ಅಣ್ಣನ ಮುಖ ಊರಗಲವಾಗಿತ್ತು. ಬುಗುರಿ ಯಾರ ಮುಖವನ್ನೂ ನೋಡದೆ ನೇರ ರೆಕ್ಕೆಯ ಹತ್ತಿರ ಹೋಗಿ ಗೆರೆಯ ಮೇಲೆ ಬೆರಳಿಟ್ಟಳು. ಬೆರಳಿಗೆ ಹಸಿ ಹಳದಿ ಅಂಟಿಕೊಂಡಿತು.

ಅಣ್ಣ ಅವಳನ್ನು ಪಕ್ಕಕ್ಕೆ ಕರೆದ. "ಓರೆ ಎರಡೇ ಡಿಗ್ರಿ ಇಳಿಸಿದ್ದು ಕಣೇ. ಹೇಳಿದ್ರೆ ನೀನು ಒಪ್ತಿದ್ಯಾ?"

"ಬೋಲ್ಟ್ ತಿರುಗಿಸಿದ್ದು ಹಾಳಾಗಿ ಹೋಗ್ಲಿ. ಗೆರೆ ಯಾಕೆ ಒರೆಸಿ ಮತ್ತೆ ಎಳೆದೆ?"

"ನಿನ್ನ ಕೈ ಮೇಲೆ ನಂಗೆ ಅಷ್ಟು ನಂಬಿಕೆ..."

"ನಂಗೆ ಆ ಗೆರೆ ಮೇಲಿತ್ತು."

"ನಿಂಗೇನಾದ್ರೂ ಆಗುತ್ತೆ ಅಂತ ಒಂಚೂರು ಅನ್ನಿಸಿದ್ರೂ ನಾನು ಮಾಡ್ತಿದ್ನಾ, ಹೇಳು? ದೇವರಾಣೆ, ಆ ಯೋಚನೇನೇ ಬರಲಿಲ್ಲ ಕಣೇ." ಅವನ ಕಣ್ಣು ತುಂಬಿಕೊಂಡಿತ್ತು.

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು? ಮೈಯೆಲ್ಲ ಉರಿಯುತ್ತಿದ್ದರೂ, ಒಡಹುಟ್ಟಿದವನ ಕಣ್ಣೀರು ಕಂಡು ಅವಳ ಕರುಳು ಚುರ್ ಎಂದಿತು. ಆಸೆ ಕಣ್ಣು ಕಟ್ಟಿದೆ, ಅಪಾಯ ಹೊಳೆದಿಲ್ಲ, ಪೆದ್ದ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳುತ್ತಾ, ಮುಖ ತೊಳೆಯಲು ಶೆಡ್ಡಿನ ಹಿಂದಿನ ನಲ್ಲಿಯ ಹತ್ತಿರ ಹೋದಳು.

ನಲ್ಲಿ ತಿರುಗಿಸಿ ತಲೆಯೆತ್ತಿದರೆ, ಅಲ್ಲಿ ಗೋಡೆಗೆ ಒತ್ತಿಕೊಂಡು ಒಂದು ಆಂಬುಲೆನ್ಸ್ ನಿಂತಿತ್ತು. ಇಷ್ಟು ವರ್ಷದ ಪರೀಕ್ಷೆಗಳಲ್ಲಿ ಅವರು ಒಮ್ಮೆಯೂ ಆಂಬುಲೆನ್ಸ್ ಕರೆಸಿದವರಲ್ಲ. ಬಾನೆಟ್ಟಿಗೆ ಒರಗಿ ನಿಂತಿದ್ದ ಡ್ರೈವರ್ ಅವಳ ಕಂಕುಳಲ್ಲಿದ್ದ ಹೆಲ್ಮೆಟ್ ನೋಡಿ ನೆಟ್ಟಗಾದ.

"ಮುಗೀತಾ ಮೇಡಂ? ಬೆಳಿಗ್ಗೇನೇ ಬಂದ್ಬಿಡಿ, ತಂಗಿ ಕಣ್ಣಿಗೆ ಬೀಳದ ಹಾಗೆ ಈ ಕಡೆ ನಿಲ್ಲಿಸಿ ಅಂದಿದ್ರು ನಿಮ್ಮಣ್ಣ. ಎಂಥ ಕಾಳಜಿ ಮೇಡಂ ಅವರದು! ನಿಮ್ಮ ರಕ್ತದ ಗುಂಪನ್ನೂ ಹೇಳಿಟ್ಟಿದಾರೆ."

ನಲ್ಲಿ ಸುರಿಯುತ್ತಲೇ ಇತ್ತು. ಬುಗುರಿ ಕಾರಿನ ಕೀಲಿ ತೆಗೆದು ಅವನ ಕೈಯಲ್ಲಿಟ್ಟಳು.

"ಇದನ್ನ ಅವರಿಗೆ ಕೊಟ್ಬಿಡಿ," ಎಂದಳು. ಅಣ್ಣ ಎನ್ನಲು ಬಾಯಿ ಬರಲಿಲ್ಲ.