ಆ್ಯಪ್ ಅಳಿಸಿದರೆ ಕಡಿತ ನಿಲ್ಲುವುದಿಲ್ಲ

ದಿನಕ್ಕೆ ಹತ್ತಾರು ಸಲ ಫೋನ್ ಟಿಣ್ ಅನ್ನುತ್ತದೆ. ಸಾಲ ಬೇಕೇ, ಸೀರೆ ಬೇಕೇ, ಪ್ಲಾಟು ಬೇಕೇ. ಲಿಂಗಂಪಲ್ಲಿಯ ಶಿವದೇವಿ ಯಾವುದನ್ನೂ ಓದುತ್ತಿರಲಿಲ್ಲ. ಜೋಳದ ರೊಟ್ಟಿ ಬಡಿದು ಮನೆಮನೆಗೆ ಕೊಡುವವಳಿಗೆ ಹಿಟ್ಟಿನ ಕೈಯಲ್ಲಿ ಫೋನ್ ಹಿಡಿಯಲು ಪುರುಸೊತ್ತೆಲ್ಲಿ?

ಆ ಫೋನಿಗೆ ಜೋಡಿಸಿದ ಬ್ಯಾಂಕ್ ಖಾತೆಯಿಂದಲೇ ಎಲ್ಲವೂ ಹೋಗುತ್ತಿತ್ತು: ಗಂಡ ಅಮೃತಪ್ಪನ ಆರೋಗ್ಯ ವಿಮೆಯ ಕಂತು, ಕಾಲೇಜು ಮುಗಿಸಿದ ಮಗ ಬಸವಕಿರಣನ ವಿಡಿಯೊ ಗೇಮ್ ಚಂದಾ. ವರ್ಷಕ್ಕೊಮ್ಮೆ ಚಂದಾ ಕಟ್ಟಿದರೆ ಬೇಕಾದಷ್ಟು ಆಟ. ಎರಡೂ ಆಟೋಪೇ, ದಿನ ಬಂದಾಗ ಹಣ ತಾನಾಗಿಯೇ ಹೋಗುತ್ತದೆ.

ಒಂದು ಸಂಜೆ ಪಕ್ಕದ ಮನೆಯ ಸಿಂಚನಾ ರೊಟ್ಟಿ ಒಯ್ಯಲು ಬಂದಳು. ಮೈಸೂರಿನವಳು, ಕೊಂಡಾಪುರದ ಕಚೇರಿಯಲ್ಲಿ ಹಣ ಪಾವತಿಯ ದೂರುಗಳನ್ನು ನೋಡುವ ಕೆಲಸ. ಕಿರಣ ಸಿಟ್ಟಿನಲ್ಲಿದ್ದ.

“ಅಕ್ಕಾ, ಗೇಮಿನವರು ಚಂದಾ ಹೆಚ್ಚುಕಡಿಮಿ ಡಬಲ್ ಮಾಡ್ಯಾರ. ಆಟ ಮಾತ್ರ ಅವೇ ಹಳೇವು. ಆ್ಯಪ್ ಅಳಿಸಿ ಒಗದೆ. ನಂಬಿದವರಿಗೆ ಹಿಂಗ ಮಾಡ್ತಾರ?”

“ಅಳಿಸಿದ್ರೆ ಸಾಲದು ಕಣೋ. ಆಟೋಪೇ ರದ್ದು ಮಾಡಿದ್ಯಾ?”

“ಹೊಸ ರೇಟಿಗೆ ನಾ ಪಿನ್ನೇ ಹಾಕಿಲ್ಲ. ಹೆಂಗ ತಗೋತಾರ?”

“ಮೊದಲ ದಿನ ಪಿನ್ ಹಾಕುವಾಗ ಗರಿಷ್ಠ ಮಿತಿ ಅಂತ ಒಂದು ತೋರಿಸುತ್ತೆ. ಹೊಸ ದರ ಅದರೊಳಗಿದ್ರೆ ಮತ್ತೆ ಪಿನ್ ಕೇಳೋದೇ ಇಲ್ಲ.”

ಶಿವದೇವಿ ನಕ್ಕಳು. “ನೀ ಭಾಳ ಅಂಜತಿ ಬಿಡವಾ. ರೊಟ್ಟಿ ಬಿಟ್ಟವರ ಮನಿಗೆ ಹೋಗಿ ನಾ ರೊಕ್ಕ ಕೇಳತೀನೇನು? ಬಿಟ್ಟಮ್ಯಾಲ ಮುಗೀತು.”

ಅವಳ ವ್ಯಾಪಾರ ಹಾಗೆ. ದರ ಏರಿಸುವ ಮೊದಲು ಪ್ರತಿ ಬಾಗಿಲಿಗೂ ಹೋಗಿ ಹೇಳುವವಳು. ಎಲ್ಲರೂ ಹಾಗೇ ಎಂದುಕೊಂಡಿದ್ದಳು.

ಚಂದಾದ ಮುನ್ನಾದಿನ ಫೋನ್ ಟಿಣ್ ಅಂದಿತು. ಯಾರೂ ನೋಡಲಿಲ್ಲ. ಏರಿಸಿದ ದರದಲ್ಲೇ ಹಣ ಹೋಯಿತು. ಅದೇ ವಾರ ವಿಮೆಯ ಕಂತಿಗೆ ಖಾತೆಯಲ್ಲಿ ಹಣ ಸಾಲಲಿಲ್ಲ. ಟಿಣ್. ಕಂತು ಕಟ್ಟಲು ಕೊಟ್ಟ ಹೆಚ್ಚುವರಿ ದಿನಗಳೂ ಮುಗಿದವು. ಟಿಣ್.

ಆಮೇಲೆ ಒಂದು ಮುಂಜಾನೆ ಮುಖ ತೊಳೆಯುತ್ತಿದ್ದ ಅಮೃತಪ್ಪನ ಬಾಯಿ ಒಂದು ಕಡೆ ವಾಲಿತು. ಬಲಗೈಯಿಂದ ತಂಬಿಗೆ ಬಿತ್ತು. ಆಟೋದಲ್ಲಿ ಹತ್ತಿರದ ಖಾಸಗಿ ಆಸ್ಪತ್ರೆಗೆ ಒಯ್ದರು. ಕೌಂಟರಿನಲ್ಲಿದ್ದವಳು ಕಂಪ್ಯೂಟರ್ ನೋಡಿ ತೆಲುಗಿನಲ್ಲಿ, “ಪಾಲಸಿ ಆಗಿಪೋಯಿಂದಮ್ಮಾ” ಎಂದಳು. ಪಾಲಿಸಿ ನಿಂತುಹೋಗಿದೆ, ಮುಂಗಡ ಕಟ್ಟಿ. ಕಿರಣ ಗೆಳೆಯರಿಗೆಲ್ಲ ಫೋನ್ ಮಾಡಿ ಹಣ ಕೂಡಿಸಿ, ಚಿಕಿತ್ಸೆ ಶುರುವಾಗುವಷ್ಟರಲ್ಲಿ ಮಧ್ಯಾಹ್ನವಾಯಿತು. ಪಾರ್ಶ್ವವಾಯುವಿಗೆ ಮೊದಲ ಕೆಲವು ಗಂಟೆಗಳೇ ಮುಖ್ಯ ಎಂದು ಡಾಕ್ಟರು ಆಮೇಲೆ ಹೇಳಿದರು.

ಜೀವ ಉಳಿಯಿತು. ಮಾತು ಉಳಿಯಲಿಲ್ಲ.

ಮನೆಗೆ ತಂದ ದಿನ ಸಿಂಚನಾ ಬಂದಳು. ಕಿರಣ ತಲೆ ಎತ್ತಲಿಲ್ಲ. “ಗೇಮಿನ ಕಂಪನಿಗೆ ದೂರು ಕೊಟ್ಟೆ ಅಕ್ಕಾ. ಮೊದಲೇ ತಿಳಿಸೀವಿ ಅಂತಾರ.”

“ತಿಳಿಸಿದ್ರಂತ!” ಶಿವದೇವಿ ಸಿಡಿದಳು. “ಯಾರಿಗೆ ತಿಳಿಸಿದ್ರ? ನನಗ?”

“ಬೈಯೋಣ ಆಂಟಿ. ಬೇಕಿದ್ರೆ ಗ್ರಾಹಕರ ಆಯೋಗಕ್ಕೂ ಹೋಗೋಣ. ಮೊದಲು ಇದನ್ನ ನಿಲ್ಲಿಸಿ. ಇಲ್ಲಾಂದ್ರೆ ಮುಂದಿನ ವರ್ಷ ಮತ್ತೆ ಹೋಗುತ್ತೆ.”

ಸಿಂಚನಾ ಪಾವತಿ ಆ್ಯಪಿನ ಆಟೋಪೇ ತೆರೆದಳು. ಗೇಮಿನ ಕೆಳಗೆ ಇನ್ನೊಂದು ಹೆಸರಿತ್ತು.

“ಇದ್ಯಾವ್ದ ಮತ್ತ?” ಶಿವದೇವಿ ಕೇಳಿದಳು.

“ಹಾಡಿನ ಆ್ಯಪಿಂದು. ಒಂದ್ ತಿಂಗಳು ಫ್ರೀ ಅಂದಿದ್ರವಾ...” ಅಂದ ಕಿರಣ.

“ಕೊಡಿಲ್ಲೆ. ನಾನ ಒತ್ತತೀನಿ.” ಎರಡನ್ನೂ ರದ್ದು ಮಾಡಿ, ಪಿನ್ ಹಾಕಿ, ರದ್ದಾಯಿತೆಂದು ಬರುವವರೆಗೂ ಶಿವದೇವಿ ಫೋನ್ ಬಿಡಲಿಲ್ಲ. ಮಂಚದಿಂದ ಅಮೃತಪ್ಪ ಏನೋ ಅಂದ. ಯಾರಿಗೂ ತಿಳಿಯಲಿಲ್ಲ.

ಇದನ್ನು ಕೇಳುತ್ತಿರುವವರೇ, ಇವತ್ತೇ ನಿಮ್ಮ ಪಾವತಿ ಆ್ಯಪಿನಲ್ಲಿ ಆಟೋಪೇ ತೆರೆದು ನೋಡಿ. ಬೇಡದ್ದನ್ನು ಅಲ್ಲೇ ರದ್ದು ಮಾಡಿ. ಒಪ್ಪಿಗೆ ಕೊಡುವಾಗ ಗರಿಷ್ಠ ಮಿತಿ ಓದಿ. ಆಟದ ಚಂದಾ, ವಿಮೆಯ ಕಂತು ಒಂದೇ ಖಾತೆಯಲ್ಲಿ ಬೇಡ. ಹಣ ಕಡಿತಕ್ಕೆ ಮುಂಚೆ ಬರುವ ಸಂದೇಶ ಓದಲು ಬಾರದಿದ್ದರೆ ಓದಬಲ್ಲವರಿಗೆ ತೋರಿಸಿ. ದರ ಏರಿಸಿದ ಕಂಪನಿಯನ್ನು ಬಿಡುವ ಹಕ್ಕು ನಿಮ್ಮದು. ಬಿಟ್ಟಿದ್ದೇವೆಂದು ಸುಮ್ಮನೆ ಅಂದುಕೊಳ್ಳಬೇಡಿ.

ಅಮೃತಪ್ಪನೇ ಇದನ್ನು ನಿಮಗೆ ಹೇಳಬೇಕಿತ್ತು. ಅವನಿಗೆ ಆಗುವುದಿಲ್ಲ, ಅದಕ್ಕೆ ನಾವು ಹೇಳುತ್ತಿದ್ದೇವೆ.